ಮಂಜಿನ ಬೆಟ್ಟವೋ, ಬಂಡೆಯ ಬೆಟ್ಟವೋ? ಜಲವರ್ಣಕ್ಕೆ ಕೂರುವ ಮುಂಚೆ ಆರಿಸಿಕೊಳ್ಳಬೇಕಾದದ್ದು

ಜುಲೈನಲ್ಲಿ ಕುದುರೆಮುಖದ ಕಡೆ ಹೋದರೆ ಬೆಟ್ಟಕ್ಕೆ ಅಂಚು ಅನ್ನೋದೇ ಇರುವುದಿಲ್ಲ. ಹುಲ್ಲಿನ ಇಳಿಜಾರು ಮೇಲೆ ಹೋಗುತ್ತಾ ಹೋಗುತ್ತಾ ಎಲ್ಲೋ ಮೋಡದೊಳಗೆ ಕರಗಿಬಿಡುತ್ತದೆ. ಅದೇ ಏಪ್ರಿಲ್‌ನಲ್ಲಿ ರಾಮನಗರದ ರಾಮದೇವರ ಬೆಟ್ಟದ ಎದುರು ನಿಂತು ನೋಡಿ. ಬಂಡೆಯ ಅಂಚು ಕತ್ತರಿಯಲ್ಲಿ ಕತ್ತರಿಸಿ ಆಕಾಶಕ್ಕೆ ಅಂಟಿಸಿದ ಹಾಗಿರುತ್ತದೆ. ಎರಡೂ ಬೆಟ್ಟವೇ. ಆದರೆ ಒಂದೇ ಕಾಗದ, ಒಂದೇ ಬಣ್ಣ, ಒಂದೇ ವಿಧಾನ ಹಿಡಿದು ಎರಡನ್ನೂ ಬರೆಯಲು ಹೋದರೆ ಒಂದಾದರೂ ಕೆಡುತ್ತದೆ.

ಹೊಸದಾಗಿ ಜಲವರ್ಣ ಹಿಡಿದವರು ನನ್ನನ್ನು ಜಾಸ್ತಿ ಕೇಳುವುದು ಸಾಮಾನಿನ ಬಗ್ಗೆ. ಯಾವ ಪೇಪರ್ ಒಳ್ಳೆಯದು? ಟ್ಯೂಬ್ ತಗೊಳ್ಳಲಾ, ಪ್ಯಾನ್ (ಒಣಗಿಸಿದ ಬಣ್ಣದ ಬಿಲ್ಲೆ) ತಗೊಳ್ಳಲಾ? ರೆಡಿ ಹಸಿರು ಸಾಕಾ? ಈ ಪ್ರಶ್ನೆಗಳಿಗೆಲ್ಲ ಉತ್ತರ ಇದೆ, ಆದರೆ ಎಲ್ಲ ಬೆಟ್ಟಕ್ಕೂ ಒಂದೇ ಉತ್ತರ ಅಲ್ಲ. ನೀವು ಬರೆಯಲು ಹೊರಟ ಬೆಟ್ಟದ ಅಂಚು ಹೇಗಿದೆ, ಅವತ್ತಿನ ಗಾಳಿಯಲ್ಲಿ ಎಷ್ಟು ತೇವ ಇದೆ, ಇವೆರಡನ್ನು ಮೊದಲು ನೋಡಿಕೊಳ್ಳಿ. ಆಮೇಲೆ ಆರಿಸುವುದು ಸುಲಭ. ಇಷ್ಟು ವರ್ಷ ಹಾಳೆ ಹಾಳು ಮಾಡಿ ನಾನು ಕಲಿತದ್ದು ಇದನ್ನೇ. ಕೆಳಗೆ ಒಂದೊಂದಾಗಿ ಹೇಳುತ್ತೇನೆ.

ಒದ್ದೆ ಹಾಳೆಯೋ, ಒಣ ಹಾಳೆಯೋ

ಎಲ್ಲಕ್ಕಿಂತ ದೊಡ್ಡ ಆಯ್ಕೆ ಇದು. ಪೂರ್ತಿ ಹಾಳೆಗೆ ನೀರು ಬಳಿದು, ಅದು ಒದ್ದೆ ಇರುವಾಗಲೇ ಬಣ್ಣ ಬಿಡುವುದು ಒಂದು ದಾರಿ. ಇದಕ್ಕೆ ವೆಟ್ ಆನ್ ವೆಟ್ ಅಂತಾರೆ. ಒಂದು ಪದರ ಹಚ್ಚಿ, ಪೂರ್ತಿ ಒಣಗಲು ಬಿಟ್ಟು, ಅದರ ಮೇಲೆ ಇನ್ನೊಂದು ಪದರ ಹಚ್ಚುವುದು ಎರಡನೆಯ ದಾರಿ.

ಮಂಜಿನ ಬೆಟ್ಟಕ್ಕೆ ಮೊದಲನೆಯದೇ ಸರಿ. ಅಂಚು ತಾನಾಗಿಯೇ ಹರಡಿಕೊಳ್ಳುತ್ತದೆ, ಮಂಜನ್ನು ನಾವು ಬರೆಯಬೇಕಾಗಿಲ್ಲ. ಆದರೆ ಇದರಲ್ಲಿ ಸಮಯವೇ ಎಲ್ಲ. ಹಾಳೆಯನ್ನು ಓರೆಯಾಗಿ ಹಿಡಿದು ಬೆಳಕಿಗೆ ನೋಡಿ. ನೀರು ಕನ್ನಡಿಯಂತೆ ಫಳಫಳ ಅನ್ನುತ್ತಿದ್ದರೆ ಬಣ್ಣ ಹಿಡಿತಕ್ಕೆ ಸಿಗುವುದಿಲ್ಲ, ಬೆಟ್ಟ ಹೋಗಿ ಕೊಳ ಆಗುತ್ತದೆ. ಆ ಹೊಳಪು ಇಳಿದು ರೇಷ್ಮೆ ಬಟ್ಟೆಯ ಹಾಗೆ ಮಂದವಾದಾಗ ಬಣ್ಣ ಇಟ್ಟರೆ, ಆಕಾರ ನಿಲ್ಲುತ್ತದೆ, ಅಂಚು ಮಾತ್ರ ಮೆತ್ತಗಾಗುತ್ತದೆ. ಬೇಕಾದದ್ದು ಈ ಹೊತ್ತು. ಇನ್ನೂ ತಡವಾಗಿ, ಹೊಳಪು ಹೋಗಿ ತೇವ ಮಾತ್ರ ಉಳಿದಿರುವಾಗ ನೀರು ತುಂಬಿದ ಬ್ರಷ್ ತಾಗಿಸಿದರೆ ಹೂಕೋಸಿನ ಹಾಗೆ ಕಲೆ ಎದ್ದು ಬರುತ್ತದೆ. ಅದಕ್ಕೇ ಒಂದು ನಿಯಮ ನೆನಪಿಡಿ: ಹಾಳೆಯಲ್ಲಿ ಇರುವ ನೀರಿಗಿಂತ ಬ್ರಷ್‌ನಲ್ಲಿರುವ ನೀರು ಯಾವಾಗಲೂ ಕಡಿಮೆ ಇರಬೇಕು.

ಬಂಡೆಯ ಬೆಟ್ಟಕ್ಕೆ ಈ ದಾರಿ ಆಗುವುದಿಲ್ಲ. ರಾಮನಗರದ ಬಂಡೆಗಳು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ, ಕ್ಲೋಸ್‌ಪೇಟೆ ಅನ್ನುವುದು ರಾಮನಗರದ ಹಳೆಯ ಹೆಸರು. ಬಂಡೆಯ ಮೈ ದುಂಡಗೆ, ಅದರ ಮೇಲೆ ಮಳೆನೀರು ಇಳಿದ ಕಪ್ಪು ಗೆರೆಗಳು, ಬಿರುಕಿನ ನೆರಳು ಚೂಪು. ಇದನ್ನು ಒಣ ಹಾಳೆಯ ಮೇಲೆ ಪದರ ಪದರವಾಗಿಯೇ ಕಟ್ಟಬೇಕು. ಮೊದಲು ತೆಳುವಾದ ಗುಲಾಬಿ ಮಿಶ್ರಿತ ಬೂದು, ಅದು ಒಣಗಿದ ಮೇಲೆ ನೆರಳಿನ ಭಾಗ, ಅದೂ ಒಣಗಿದ ಮೇಲೆ ಬಿರುಕು ಮತ್ತು ಕಪ್ಪು ಗೆರೆ. ಮೂರು ಪದರ ಸಾಕು. ನಾಲ್ಕನೆಯದು ಹಾಕಲು ಕೈ ತುರಿಸುತ್ತದೆ, ಆದರೆ ಅಲ್ಲಿಂದ ಮುಂದೆ ಬಣ್ಣ ಮಣ್ಣಾಗುತ್ತದೆ.

ಪದರ ಒಣಗಿದೆಯೋ ಇಲ್ಲವೋ ಅಂತ ಕಣ್ಣಿನಿಂದ ನೋಡಿ ನಂಬಬೇಡಿ. ಕೈ ಬೆರಳಿನ ಹಿಂಭಾಗವನ್ನು ಮೆಲ್ಲಗೆ ತಾಗಿಸಿ. ತಣ್ಣಗೆ ಅನಿಸಿದರೆ ಒಳಗೆ ಇನ್ನೂ ನೀರಿದೆ.

ಇವೆರಡರ ನಡುವೆ ಮೂರನೆಯ ದಾರಿಯೂ ಇದೆ. ಪಶ್ಚಿಮ ಘಟ್ಟದ ಸಾಲು ಬೆಟ್ಟಗಳಿಗೆ ನಾನು ಅದನ್ನೇ ಹೆಚ್ಚು ಹಿಡಿಯುತ್ತೇನೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಮೇಲೆ ಬೆಳಿಗ್ಗೆ ನಿಂತರೆ ಒಂದರ ಹಿಂದೆ ಒಂದು ಸಾಲು ಕಾಣುತ್ತದೆ ಅಲ್ವಾ? ಪ್ರತಿ ಸಾಲಿನ ನೆತ್ತಿ ಸ್ಪಷ್ಟ, ಬುಡ ಮಾತ್ರ ಕಣಿವೆಯ ಮಂಜಿನಲ್ಲಿ ಮಾಯ. ಇದಕ್ಕೆ ಒಣ ಹಾಳೆಯ ಮೇಲೆ ನೆತ್ತಿಯ ಗೆರೆಯನ್ನು ಬಣ್ಣದಲ್ಲಿ ಎಳೆದು, ತಕ್ಷಣ ಇನ್ನೊಂದು ಬ್ರಷ್‌ನಲ್ಲಿ ಶುದ್ಧ ನೀರು ತೆಗೆದುಕೊಂಡು ಬುಡವನ್ನು ಎಳೆದುಬಿಡಬೇಕು. ಮೇಲೆ ಚೂಪು, ಕೆಳಗೆ ಮಾಯ. ಒಣಗಿದ ಮೇಲೆ ಮುಂದಿನ ಸಾಲು, ಇನ್ನೊಂಚೂರು ಗಾಢವಾಗಿ. ದೂರದಿಂದ ಹತ್ತಿರಕ್ಕೆ ಬರುತ್ತಾ ನಾಲ್ಕೈದು ಸಾಲು ಹಾಕಿದರೆ ಕಣಿವೆಯ ಆಳ ತಾನಾಗಿ ಬರುತ್ತದೆ. ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ, ಆದ್ದರಿಂದ ಒದ್ದೆಯಲ್ಲಿ ಸ್ವಲ್ಪ ಜಾಸ್ತಿಯಾಯಿತೇನೋ ಅನ್ನುವಷ್ಟು ಗಾಢವಾಗಿ ಹಚ್ಚಿ.

ಈಗ ಹವೆಯ ಮಾತು. ಯೂಟ್ಯೂಬ್‌ನಲ್ಲಿ ಬೇರೆ ದೇಶದವರು ಮಾಡುವುದನ್ನು ನೋಡಿ ಹಾಗೇ ಮಾಡಿದರೂ ನಮಗೆ ಬರುವುದಿಲ್ಲ, ಕಾರಣ ಇದೇ. ಮಳೆಗಾಲದ ಮಲೆನಾಡಿನಲ್ಲಿ ಒಂದು ಪದರ ಒಣಗಲು ಅರ್ಧ ಗಂಟೆ ಬೇಕಾಗಬಹುದು. ಪದರದ ವಿಧಾನ ಹಿಡಿದು ಕೂತರೆ ಒಂದು ಚಿತ್ರಕ್ಕೆ ಇಡೀ ದಿನ. ಅಲ್ಲಿ ಒದ್ದೆ ಹಾಳೆಯ ವಿಧಾನವೇ ನಿಮ್ಮ ಗೆಳೆಯ. ಏಪ್ರಿಲ್‌ನ ಚಿತ್ರದುರ್ಗದಲ್ಲಿ ಇದು ತಿರುಗುಮುರುಗು. ಬಳಿದ ನೀರು ಎರಡು ಮೂರು ನಿಮಿಷಕ್ಕೆ ಆರಿಹೋಗುತ್ತದೆ. ಪದರದ ಕೆಲಸ ಸರಾಗ, ಆಕಾಶಕ್ಕೆ ದೊಡ್ಡ ವಾಷ್, ಅಂದರೆ ನೀರಾಗಿಸಿದ ಬಣ್ಣದ ಅಗಲವಾದ ಪದರ, ಹಾಕುವುದೇ ಕಷ್ಟ. ಬಿಸಿಲಿನ ಊರಿನಲ್ಲಿ ಒದ್ದೆ ಹಾಳೆ ಬೇಕೇ ಬೇಕು ಅಂದರೆ ಹಾಳೆಯ ಎರಡೂ ಬದಿ ನೀರು ಬಳಿದು ಪ್ಲಾಸ್ಟಿಕ್ ಶೀಟ್ ಮೇಲೆ ಮಲಗಿಸಿ. ಹಿಂದಿನ ನೀರು ಕೆಳಗಿನಿಂದ ತೇವ ಕೊಡುತ್ತಾ ಇರುತ್ತದೆ, ಕೆಲಸಕ್ಕೆ ಹತ್ತು ಹದಿನೈದು ನಿಮಿಷ ಸಿಗುತ್ತದೆ.

ಕಾಗದ: ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ

ಬಣ್ಣ ಸಾಧಾರಣದ್ದಾದರೂ ನಡೆಯುತ್ತದೆ, ಬ್ರಷ್ ಸಾಧಾರಣದ್ದಾದರೂ ನಡೆಯುತ್ತದೆ. ಕಾಗದ ಕೆಟ್ಟದಾದರೆ ಯಾವುದೂ ನಡೆಯುವುದಿಲ್ಲ. ಇದನ್ನು ನಾನು ಪೂರ್ತಿ ನಂಬಿಕೆಯಿಂದ ಹೇಳುತ್ತೇನೆ.

ಅಂಗಡಿಯಲ್ಲಿ ಎರಡು ಜಾತಿ ಸಿಗುತ್ತವೆ. ಒಂದು ಮರದ ತಿರುಳಿನದು, ಇನ್ನೊಂದು 100 ಶೇಕಡಾ ಹತ್ತಿಯದು. ಬೆಲೆಯಲ್ಲಿ ತುಂಬಾ ಅಂತರ ಇದೆ. ಮರದ ತಿರುಳಿನ ಕಾಗದದಲ್ಲಿ ಬಣ್ಣ ಮೇಲ್ಮೈಯಲ್ಲೇ ಕೂರುತ್ತದೆ, ನೀರು ಬೇಗ ಆರುತ್ತದೆ. ಇದರಿಂದ ಒಂದು ಒಳ್ಳೆಯದು, ಒಂದು ಕೆಟ್ಟದ್ದು. ಒಳ್ಳೆಯದೇನೆಂದರೆ ತಪ್ಪಾದಾಗ ಒದ್ದೆ ಬ್ರಷ್‌ನಲ್ಲಿ ಉಜ್ಜಿ, ಟಿಶ್ಯೂನಲ್ಲಿ ಒತ್ತಿ ತೆಗೆಯಬಹುದು. ಕೆಟ್ಟದ್ದು ಏನೆಂದರೆ, ಎರಡನೆಯ ಪದರ ಹಾಕುವಾಗ ಮೊದಲ ಪದರವೂ ಎದ್ದು ಬರುತ್ತದೆ. ಸಾಲು ಬೆಟ್ಟ ಬರೆಯುವಾಗ ಹಿಂದಿನ ಸಾಲು ಮುಂದಿನದರೊಳಗೆ ಕಲಸಿಹೋಗುತ್ತದೆ. ಹತ್ತಿಯ ಕಾಗದ ನೀರನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ, ರೇಷ್ಮೆ ಹೊಳಪಿನ ಹೊತ್ತು ಹೆಚ್ಚು ಕಾಲ ಸಿಗುತ್ತದೆ, ಒಣಗಿದ ಪದರ ಅಲುಗುವುದಿಲ್ಲ.

ಹಾಗಾದರೆ ಅಭ್ಯಾಸಕ್ಕೆ ಅಗ್ಗದ್ದು, ಒಳ್ಳೆಯ ಚಿತ್ರಕ್ಕೆ ಹತ್ತಿಯದು ಅಂತ ಇಟ್ಟುಕೊಳ್ಳಬಹುದಾ? ಎಲ್ಲರೂ ಹಾಗೇ ಹೇಳುತ್ತಾರೆ, ನನಗೆ ಒಪ್ಪಿಗೆಯಿಲ್ಲ. ಅಗ್ಗದ ಕಾಗದದಲ್ಲಿ ಕಲಿತ ಸಮಯ ಹತ್ತಿಯ ಕಾಗದಕ್ಕೆ ಹೊಂದುವುದಿಲ್ಲ. ನೀರು ಆರುವ ವೇಗವೇ ಬೇರೆ. ಅದರ ಬದಲು ಹತ್ತಿಯ ಕಾಗದದ ಒಂದು ಪೂರ್ತಿ ಹಾಳೆ ತೆಗೆದುಕೊಳ್ಳಿ. 22 ಇಂಚು ಅಗಲ, 30 ಇಂಚು ಉದ್ದ ಇರುತ್ತದೆ. ಅದನ್ನು ಎಂಟು ತುಂಡು ಮಾಡಿದರೆ ಏಳೂವರೆ ಇಂಚಿಗೆ ಹನ್ನೊಂದು ಇಂಚಿನ ಎಂಟು ಹಾಳೆ. ಪ್ರತಿಯೊಂದಕ್ಕೂ ಎರಡು ಬದಿ. ಹದಿನಾರು ಬೆಟ್ಟ ಬರೆಯಬಹುದು. ಪ್ಯಾಡ್ ಕೊಳ್ಳುವುದಕ್ಕಿಂತ ಬಿಡಿ ಹಾಳೆ ಕೊಳ್ಳುವುದು ಹೆಚ್ಚಿನ ಸಲ ಅಗ್ಗವೂ ಹೌದು. ಅಗ್ಗದ ಕಾಗದವನ್ನು ಬಣ್ಣ ಕಲಸಿ ನೋಡಲು, ಪೆನ್ಸಿಲ್ ಸ್ಕೆಚ್‌ಗೆ ಇಟ್ಟುಕೊಳ್ಳಿ.

ದಪ್ಪ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಇರಲಿ. ಅದಕ್ಕಿಂತ ತೆಳುವಾದದ್ದು ನೀರು ಬಿದ್ದ ಕೂಡಲೇ ಉಬ್ಬಿ ಹಪ್ಪಳದಂತಾಗುತ್ತದೆ, ತಗ್ಗಿನಲ್ಲಿ ಬಣ್ಣ ನಿಲ್ಲುತ್ತದೆ. 640 ಜಿಎಸ್‌ಎಂ ಉಬ್ಬುವುದೇ ಇಲ್ಲ, ಆದರೆ ಅಷ್ಟು ಬೆಲೆ ಕೊಡುವ ಅಗತ್ಯವಿಲ್ಲ. 300ರ ಹಾಳೆಯನ್ನು ರಟ್ಟಿಗೆ ನಾಲ್ಕೂ ಕಡೆ ಟೇಪ್ ಅಂಟಿಸಿದರೆ ಸಾಕು.

ಮೇಲ್ಮೈಯಲ್ಲಿ ಮೂರು ಬಗೆ: ನುಣುಪಾದ ಹಾಟ್ ಪ್ರೆಸ್, ನಡುವಿನ ಕೋಲ್ಡ್ ಪ್ರೆಸ್, ಒರಟಾದ ರಫ್. ಬೆಟ್ಟ ಬರೆಯುವವರು ಹಾಟ್ ಪ್ರೆಸ್ ಬಿಟ್ಟುಬಿಡಿ, ಅದು ಪೆನ್ನಿನ ಗೆರೆಗೆ, ಹೂವಿನ ಚಿತ್ರಕ್ಕೆ ಚೆಂದ. ಮಂಜಿಗೆ ಕೋಲ್ಡ್ ಪ್ರೆಸ್. ಬಂಡೆಗೆ ರಫ್ ಸಿಕ್ಕರೆ ಬಿಡಬೇಡಿ. ನೀರು ಕಡಿಮೆ ಇರುವ ಬ್ರಷ್ಷನ್ನು ಅಡ್ಡಡ್ಡ ಮಲಗಿಸಿ ಎಳೆದರೆ ಬಣ್ಣ ಉಬ್ಬಿನ ಮೇಲೆ ಮಾತ್ರ ಕೂತು, ತಗ್ಗಿನಲ್ಲಿ ಬಿಳಿ ಉಳಿಯುತ್ತದೆ. ಗ್ರಾನೈಟ್‌ನ ಮೈ ಒಂದೇ ಎಳೆತದಲ್ಲಿ ಬರುತ್ತದೆ.

ಹೆಸರು ಕೇಳುವವರಿಗೆ: ಫ್ರಾನ್ಸಿನ ಆರ್ಶ್ ಕಾಗದದ ಕಾರ್ಖಾನೆ 1492ರಿಂದ ಇದೆ, ಇವತ್ತಿಗೂ ಬಹಳ ಜನ ಅದನ್ನೇ ಅಳತೆಗೋಲು ಅಂತ ಇಟ್ಟುಕೊಂಡಿದ್ದಾರೆ. ನಮ್ಮ ಹುಬ್ಬಳ್ಳಿ ಪಕ್ಕದ ತಾರಿಹಾಳದಲ್ಲಿ ಹತ್ತಿ ಬಟ್ಟೆಯ ಚಿಂದಿಯಿಂದ ಕೈಯಲ್ಲೇ ಮಾಡುವ ಖಾದಿ ಪೇಪರ್ ಹೊರದೇಶದ ಕಲಾವಿದರ ಕೈಗೂ ಹೋಗುತ್ತದೆ. ಅದರ ಒರಟುತನ ಬಂಡೆಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ನಯವಾದ ಆಕಾಶ ಬೇಕೆನ್ನುವವರಿಗೆ ಅದು ಹಿಡಿಸದೇ ಹೋಗಬಹುದು.

ಕಾಗದ ಇಡುವುದರ ಬಗ್ಗೆ ಒಂದು ಮಾತು ಹೇಳಲೇಬೇಕು. ಜಲವರ್ಣದ ಕಾಗದ ನೀರನ್ನು ತಕ್ಷಣ ಹೀರಬಾರದು ಅಂತ ಅದಕ್ಕೆ ಜೆಲಟಿನ್ ಥರದ ಸರಿ, ಅಂದರೆ ಅಂಟು, ಹಾಕಿರುತ್ತಾರೆ. ಘಟ್ಟದ ಊರಿನಲ್ಲಿ ಒಂದು ಮಳೆಗಾಲ ಕಪಾಟಿನಲ್ಲಿ ಸುಮ್ನೆ ಇಟ್ಟರೆ ಆ ಸರಿ ಕೆಡುತ್ತದೆ, ಬೂಷ್ಟು ಹಿಡಿಯುತ್ತದೆ. ನಾನು ಜೋಪಾನ ಮಾಡಿ ಇಟ್ಟಿದ್ದ ಒಳ್ಳೆಯ ಹಾಳೆಗಳ ಮೇಲೆ ಮರುವರ್ಷ ಬಣ್ಣ ಇಟ್ಟಾಗ ಒತ್ತುಕಾಗದದ ಮೇಲೆ ಶಾಯಿ ಬಿದ್ದ ಹಾಗೆ ಚುಕ್ಕೆ ಚುಕ್ಕೆಯಾಗಿ ಇಳಿದುಹೋಯಿತು. ತುಂಬಾ ನೊಂದುಕೊಂಡೆ. ಈಗ ಜಿಪ್ ಇರುವ ಪ್ಲಾಸ್ಟಿಕ್ ಕವರ್‌ನಲ್ಲಿ, ಶೂ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣ ಹಾಕಿ ಇಡುತ್ತೇನೆ. ಮಲೆನಾಡು, ಕರಾವಳಿಯವರು ವರ್ಷಕ್ಕೆ ಬೇಕಾದಷ್ಟೇ ಕೊಳ್ಳಿ, ಜಾಸ್ತಿ ಕೂಡಿಡಬೇಡಿ.

ಯಾವ ನೀಲಿ?

ದೂರದ ಬೆಟ್ಟ ನೀಲಿ ಅಂತ ನಮಗೆಲ್ಲ ಗೊತ್ತು. ನೀಲಗಿರಿ ಅನ್ನುವ ಹೆಸರೇ ಇದೆ. ನಮಗೂ ಬೆಟ್ಟಕ್ಕೂ ನಡುವೆ ಇರುವ ಗಾಳಿ, ಬೆಳಕಿನ ನೀಲಿ ಭಾಗವನ್ನು ಹೆಚ್ಚು ಚದುರಿಸುತ್ತದೆ. ದೂರ ಹೆಚ್ಚಾದಷ್ಟು ನಡುವಿನ ಗಾಳಿ ಹೆಚ್ಚು, ನೀಲಿ ಹೆಚ್ಚು. ಆದರೆ ಇದು ತಿಳಿಯಾದ ದಿನದ ಮಾತು. ಮಂಜಿನ ಹನಿಗಳು ಗಾಳಿಯ ಕಣಗಳಿಗಿಂತ ತುಂಬಾ ದೊಡ್ಡವು, ಅವು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಸಮ ಚದುರಿಸುತ್ತವೆ. ಅದಕ್ಕೇ ಮಳೆಗಾಲದಲ್ಲಿ ದೂರದ ಬೆಟ್ಟ ನೀಲಿ ಇರುವುದಿಲ್ಲ, ಬೂದಿ ಬಿಳಿ ಇರುತ್ತದೆ. ಮಳೆಯ ಬೆಟ್ಟಕ್ಕೂ ರೂಢಿಯಿಂದ ನೀಲಿ ಬಳಿದು, ಯಾಕೋ ಮಳೆಗಾಲ ಅನ್ನಿಸ್ತಿಲ್ಲ ಅಂತ ಕೊರಗುವವರನ್ನು ಬಹಳ ನೋಡಿದ್ದೇನೆ.

ಒಂದೇ ನೀಲಿ ಕೊಳ್ಳುವುದಾದರೆ ಅಲ್ಟ್ರಾಮರೀನ್ ಕೊಳ್ಳಿ. ಹಿಂದೆ ಇದನ್ನು ಅಫ್ಘಾನಿಸ್ತಾನದ ಲಾಜವರ್ದ ಕಲ್ಲು ಅರೆದು ಮಾಡುತ್ತಿದ್ದರು, ಚಿನ್ನದ ಹಾಗೆ ದುಬಾರಿ. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಕೃತಕವಾಗಿ ಮಾಡುವುದು ಕಂಡುಕೊಂಡ ಮೇಲೆ ಎಲ್ಲರಿಗೂ ಸಿಕ್ಕಿತು. ಟ್ಯೂಬಿನ ಮೇಲೆ ಪಿಬಿ 29 ಅಂತ ಇದೆಯಾ ನೋಡಿಕೊಳ್ಳಿ, ಅದೇ ಅದರ ಗುರುತು. ಈ ಬಣ್ಣದ ಕಣ ದಪ್ಪ. ಒರಟು ಕಾಗದದ ತಗ್ಗಿನಲ್ಲಿ ಕಾಳು ಕಾಳಾಗಿ ಕೂರುತ್ತದೆ. ಬಂಡೆಗೂ ಮಳೆಮೋಡಕ್ಕೂ ಇದು ವರ. ಬರ್ಂಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣದ ಜೊತೆ ಕಲಸಿದರೆ ಬೂದಿಯ ಎಲ್ಲ ಛಾಯೆ ಸಿಗುತ್ತವೆ: ನೀಲಿ ಜಾಸ್ತಿ ಹಾಕಿದರೆ ಮಳೆಮೋಡ, ಕಂದು ಜಾಸ್ತಿ ಹಾಕಿದರೆ ಬಿಸಿಲು ಬಿದ್ದ ಬಂಡೆ. ಮಳೆಗಾಲದ ದೂರದ ಸಾಲಿಗೂ ಇದೇ ಬೂದಿಯನ್ನು ನೀರಾಗಿಸಿ ಹಚ್ಚಿ.

ಕೋಬಾಲ್ಟ್ ನೀಲಿ ದುಬಾರಿ, ಆದರೆ ಅಕ್ಟೋಬರ್ ಕಳೆದ ಮೇಲೆ ತಿಳಿ ಬೆಳಗಿನಲ್ಲಿ ಕಾಣುವ ದೂರದ ಬೆಟ್ಟಕ್ಕೆ ಅದರ ಮೆದುತನ ಬೇರೆ ಯಾವುದಕ್ಕೂ ಇಲ್ಲ. ಎರಡನೆಯದಾಗಿ ಇದನ್ನು ತೆಗೆದುಕೊಳ್ಳಿ.

ಅಗ್ಗದ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಬರುವುದು ಪ್ರಶ್ಯನ್ ನೀಲಿ, ಇಲ್ಲವೇ ಥಾಲೋ ನೀಲಿ. ಎರಡೂ ಕಾಗದಕ್ಕೆ ಕಚ್ಚಿಕೊಳ್ಳುತ್ತವೆ. ಒಮ್ಮೆ ಬಿದ್ದರೆ ಒತ್ತಿ ತೆಗೆಯಲು ಬರುವುದಿಲ್ಲ, ಮಂಜು ಬಿಡಿಸಲು ಆಗುವುದಿಲ್ಲ. ಒಂದು ಹನಿ ಹೆಚ್ಚಾದರೂ ಇಡೀ ಚಿತ್ರವನ್ನು ನುಂಗುತ್ತವೆ. ದೂರದ ಬೆಟ್ಟಕ್ಕೆ ಇವು ಬೇಡ. ಹತ್ತಿರದ ಕಾಡಿನ ಕಡು ಹಸಿರಿಗೆ ಮಾತ್ರ ಪ್ರಶ್ಯನ್ ನೀಲಿ ಚೆನ್ನಾಗಿ ಒದಗುತ್ತದೆ.

ರೆಡಿ ಹಸಿರೋ, ಕಲಸಿದ ಹಸಿರೋ

ಕಲಸಿದ್ದು. ಇದರಲ್ಲಿ ಎರಡು ಮಾತಿಲ್ಲ. ಟ್ಯೂಬಿನ ಹಸಿರಲ್ಲಿ ಸ್ಯಾಪ್ ಗ್ರೀನ್ ಒಂದನ್ನು ಒಪ್ಪಬಹುದು, ಅದನ್ನೂ ಒಂಚೂರು ಬರ್ಂಟ್ ಸಿಯೆನ್ನಾ ಹಾಕಿ ಪಳಗಿಸಬೇಕು. ಎಮರಾಲ್ಡ್, ವಿರಿಡಿಯನ್ ಹಾಗೇ ಹಚ್ಚಿದರೆ ಬೆಟ್ಟ ಪ್ಲಾಸ್ಟಿಕ್ ಬಿಂದಿಗೆಯ ಬಣ್ಣಕ್ಕೆ ತಿರುಗುತ್ತದೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಮ್ಮ ಘಟ್ಟದ ಮೇಲೆ ಎರಡು ಹಸಿರು ಪಕ್ಕಪಕ್ಕದಲ್ಲೇ ಇರುತ್ತವೆ. ಬೆಟ್ಟದ ದುಂಡು ಮೈಯೆಲ್ಲ ಹುಲ್ಲುಗಾವಲು, ಎರಡು ಇಳಿಜಾರು ಕೂಡುವ ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡು. ನೀರು ಇಳಿಯುವ, ಗಾಳಿ ಹೊಡೆಯದ ಜಾಗ ಅದು. ಹುಲ್ಲಿನ ಹಸಿರು ತಿಳಿ, ಹಳದಿ ಕಡೆ ವಾಲಿದ್ದು. ಶೋಲಾದ ಹಸಿರು ಕಡು, ಕಪ್ಪಿನ ಕಡೆ ವಾಲಿದ್ದು. ಇವೆರಡರ ಅಂತರ ಹಿಡಿದರೆ ಕುದುರೆಮುಖ ಅಂತ ಯಾರೂ ಹೇಳದೇ ಗೊತ್ತಾಗುತ್ತದೆ. ತಪ್ಪಿದರೆ ಅದು ಯಾವ ಊರಿನ ಗುಡ್ಡವೂ ಆಗಬಹುದು. ಹುಲ್ಲಿಗೆ ಲೆಮನ್ ಯೆಲ್ಲೋ ಮತ್ತು ಕೋಬಾಲ್ಟ್, ಶೋಲಾಗೆ ಪ್ರಶ್ಯನ್ ನೀಲಿ ಮತ್ತು ಬರ್ಂಟ್ ಸಿಯೆನ್ನಾ. ಹುಲ್ಲು ಒದ್ದೆಯಿರುವಾಗಲೇ ಮಡಿಕೆಗಳಲ್ಲಿ ಶೋಲಾದ ಬಣ್ಣ ಮುಟ್ಟಿಸಿದರೆ ಕಾಡಿನ ಅಂಚು ಮಂಜಿನಲ್ಲಿ ಇರುವ ಹಾಗೆ ಮೆತ್ತಗೆ ಬರುತ್ತದೆ.

ಫೆಬ್ರುವರಿಯಲ್ಲಿ ಹೋದರೆ ಹುಲ್ಲು ಒಣಗಿ ಹೊಂಬಣ್ಣ. ಆಗ ರಾ ಸಿಯೆನ್ನಾದ ಒಂದೇ ವಾಷ್ ಸಾಕು, ಶೋಲಾ ಮಾತ್ರ ಹಸಿರು. ನನಗೆ ಬೆಟ್ಟ ಅತ್ಯಂತ ಚೆಂದ ಕಾಣುವುದು ಆ ಹೊತ್ತಿನಲ್ಲಿ.

ಬರ್ಂಟ್ ಸಿಯೆನ್ನಾ, ರಾ ಸಿಯೆನ್ನಾ, ಯೆಲ್ಲೋ ಓಕರ್, ಲೈಟ್ ರೆಡ್ ಇವೆಲ್ಲ ಕಬ್ಬಿಣದ ಅಂಶ ಇರುವ ಮಣ್ಣಿನ ಬಣ್ಣಗಳು. ಘಟ್ಟದ ದಾರಿಯ ಕೆಮ್ಮಣ್ಣು ಕೆಂಪಾಗಿರುವುದೂ ಕಬ್ಬಿಣದಿಂದಲೇ. ಸಾಗರ, ಸೊರಬದ ಕಡೆ ಹಸೆ ಚಿತ್ತಾರ ಬರೆಯುವ ಹೆಣ್ಣುಮಕ್ಕಳು ಗೋಡೆಗೆ ಮೊದಲು ಬಳಿಯುವುದು ಇದೇ ಕೆಮ್ಮಣ್ಣನ್ನು. ಬೆಟ್ಟದ ಬಣ್ಣದಲ್ಲೇ ಬೆಟ್ಟ ಬರೆಯುತ್ತೇವೆ ಅನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ವಿಷಯ.

ಬಿಳಿ ಎಲ್ಲಿಂದ ತರುವುದು

ಜಲವರ್ಣದಲ್ಲಿ ಕಾಗದವೇ ಬಿಳಿ. ಮಂಜು, ಮೋಡ, ಜಲಪಾತ ಎಲ್ಲಕ್ಕೂ ಕಾಗದವನ್ನೇ ಉಳಿಸಬೇಕು. ಉಳಿಸುವುದಕ್ಕೆ ನಾಲ್ಕು ದಾರಿ.

ಸುಮ್ಮನೆ ಬಿಟ್ಟು ಸುತ್ತ ಬಣ್ಣ ಹಚ್ಚುವುದು ಎಲ್ಲಕ್ಕಿಂತ ಒಳ್ಳೆಯದು, ಅದಕ್ಕೆ ಮುಂಚೆಯೇ ಯೋಚನೆ ಬೇಕು. ಒದ್ದೆ ಇರುವಾಗ ಹಿಂಡಿದ ಬ್ರಷ್ ಅಥವಾ ಟಿಶ್ಯೂನಿಂದ ಒತ್ತಿ ತೆಗೆಯುವುದು ಮಂಜಿಗೆ, ಮೋಡಕ್ಕೆ ಸರಿ. ಅಂಚು ಮೆತ್ತಗಿರುತ್ತದೆ. ಮಾಸ್ಕಿಂಗ್ ಫ್ಲೂಯಿಡ್ ಅನ್ನುವ ರಬ್ಬರಿನ ದ್ರವ ಹಚ್ಚಿ, ಆಮೇಲೆ ಕಿತ್ತು ತೆಗೆಯುವುದು ಚೂಪು ಅಂಚಿಗೆ. ಜೋಗದ ಚಿತ್ರಕ್ಕೆ ಇದು ಉಪಯೋಗ: 253 ಮೀಟರ್ ಎತ್ತರದ ಕಲ್ಲಿನ ಗೋಡೆ, ಅದರ ಮೇಲೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕು ಧಾರೆ. ಬೇಸಿಗೆಯಲ್ಲಿ ಅವು ತೆಳ್ಳಗಿನ ದಾರದಂತೆ ಇಳಿಯುವಾಗ ಸುತ್ತ ಬಣ್ಣ ಹಚ್ಚಿ ಉಳಿಸುವುದು ಕಷ್ಟ. ಆದರೆ ನಮ್ಮ ಸೆಕೆಗೆ ಆ ರಬ್ಬರ್ ಬೇಗ ಕಚ್ಚಿಕೊಳ್ಳುತ್ತದೆ. ಅವತ್ತೇ ಕಿತ್ತುಬಿಡಿ. ಎರಡು ಮೂರು ದಿನ ಬಿಟ್ಟರೆ ಕಾಗದದ ಸಿಪ್ಪೆಯೇ ಎದ್ದು ಬರುತ್ತದೆ. ಮಳೆಗಾಲದ ತುಂಬಿದ ಜೋಗಕ್ಕೆ ಮಾಸ್ಕಿಂಗ್ ಬೇಡವೇ ಬೇಡ, ಅಲ್ಲಿ ನೀರಿಗೂ ಮಂಜಿಗೂ ಅಂಚಿಲ್ಲ.

ನಾಲ್ಕನೆಯದು ಬಿಳಿ ಗೌಶ್, ಅಂದರೆ ಕೆಳಗಿನದನ್ನು ಮುಚ್ಚುವ ಅಪಾರದರ್ಶಕ ಬಣ್ಣ. ಇದನ್ನು ತಪ್ಪು ಅನ್ನುವವರಿದ್ದಾರೆ. ನಾನು ಅನ್ನುವುದಿಲ್ಲ, ಆದರೆ ಮಂಜಿಗೆ ಹಾಕುವುದಿಲ್ಲ. ಮಂಜಿನ ಒಳಗಿನಿಂದ ಬೆಳಕು ಬರಬೇಕು. ಗೌಶ್ ಹಚ್ಚಿದರೆ ಬೆಳಕು ಅದರ ಮೇಲೇ ನಿಂತುಬಿಡುತ್ತದೆ.

ಈ ವ್ಯತ್ಯಾಸ ಕಣ್ಣಾರೆ ನೋಡಬೇಕಾದರೆ ಬೆಂಗಳೂರಿನಲ್ಲಿ ಎರಡು ಜಾಗ ಇವೆ. ಮೈಸೂರು ಅರಮನೆಗೆ ಕೆಲಸ ಮಾಡಿದ ಕೆ. ವೆಂಕಟಪ್ಪ 1920ರ ದಶಕದಲ್ಲಿ ಊಟಿಯ ಬೆಟ್ಟ, ಕೆರೆ, ಮುಂಗಾರು ಮೋಡವನ್ನು ಜಲವರ್ಣದಲ್ಲಿ ಬರೆದರು. ಕೊಡೈಕನಾಲ್ ಕೂಡ ಬರೆದರು. ಕಲ್ಕತ್ತೆಯಲ್ಲಿ ಅವರು ಅವನೀಂದ್ರನಾಥ ಟ್ಯಾಗೋರರ ಶಿಷ್ಯರು. ಅವನೀಂದ್ರನಾಥರು ಜಪಾನಿ ಕಲಾವಿದರ ಒಡನಾಟದಿಂದ ರೂಪಿಸಿಕೊಂಡ ವಾಷ್ ಪದ್ಧತಿಯಲ್ಲಿ ಬಣ್ಣ ಹಚ್ಚಿದ ಹಾಳೆಯನ್ನೇ ಮತ್ತೆ ಮತ್ತೆ ನೀರಿನಲ್ಲಿ ಅದ್ದುತ್ತಿದ್ದರು. ಕಸ್ತೂರ್‌ಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿ ಅವರ ಹೆಸರಿನದೇ. ಇನ್ನೊಂದು, ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿರುವ, ರಷ್ಯದ ಕಲಾವಿದ ನಿಕೋಲಸ್ ರೋರಿಕ್ ಚಿತ್ರಗಳು. ಹಿಮಾಲಯವನ್ನು ಅವರು ಹೆಚ್ಚಾಗಿ ಟೆಂಪೆರಾದಲ್ಲಿ, ಮುಚ್ಚುವ ಬಣ್ಣದಲ್ಲಿ ಬರೆದರು. ಶಿಖರದ ಅಂಚು ಸ್ಪಷ್ಟ, ಬಣ್ಣ ಗಟ್ಟಿ. ಹಿಮದ ಬೆಟ್ಟಕ್ಕೆ, ಬಂಡೆಯ ಬೆಟ್ಟಕ್ಕೆ ಗೌಶ್ ಯಾಕೆ ಒಗ್ಗುತ್ತದೆ ಅನ್ನುವುದು ಅಲ್ಲಿ ಅರ್ಥವಾಗುತ್ತದೆ.

ಟ್ಯೂಬ್, ಪ್ಯಾನ್, ಬ್ರಷ್

ಇಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ದೊಡ್ಡ ವಾಷ್‌ಗೆ ಟ್ಯೂಬ್, ಚಾರಣಕ್ಕೆ ಪ್ಯಾನ್. ಟ್ಯೂಬಿನ ಬಣ್ಣವನ್ನೇ ಖಾಲಿ ಪ್ಯಾನಿಗೆ ಹಿಂಡಿ ಒಣಗಿಸಿಟ್ಟರೆ ಎರಡೂ ಆಯಿತು. ಮಳೆಗಾಲದಲ್ಲಿ ಡಬ್ಬ ಮುಚ್ಚುವ ಮುಂಚೆ ಪೂರ್ತಿ ಆರಲು ಬಿಡಿ. ಬಣ್ಣದಲ್ಲಿರುವ ಗೋಂದಿಗೆ ಬೂಷ್ಟು ಬಲು ಬೇಗ ಬರುತ್ತದೆ.

ಬ್ರಷ್ ಮೂರು ಸಾಕು. ನೀರು ಬಳಿಯಲು ಒಂದೂವರೆ ಇಂಚಿನ ಚಪ್ಪಟೆ, ಬೆಟ್ಟಕ್ಕೆ 10 ಅಥವಾ 12ನೇ ನಂಬರಿನ ದುಂಡು, ಬಿರುಕು ಕೊಂಬೆಗೆ 4ನೇ ನಂಬರು. ಸಿಂಥೆಟಿಕ್ ಸಾಕು. ಸಣ್ಣ ಬ್ರಷ್‌ನಲ್ಲಿ ದೊಡ್ಡ ಬೆಟ್ಟ ಬರೆಯಲು ಮಾತ್ರ ಹೋಗಬೇಡಿ, ಪಟ್ಟೆ ಪಟ್ಟೆ ಬೀಳುತ್ತದೆ.

ಅಲ್ಲೇ ಕೂತು ಬರೆಯುವುದೋ, ಫೋಟೋ ನೋಡಿಯೋ

ಬಂಡೆಯ ಬೆಟ್ಟಕ್ಕೆ ಅಲ್ಲೇ ಕೂರಿ. ನಂದಿಬೆಟ್ಟದ ಬುಡ, ರಾಮನಗರ, ಮಧುಗಿರಿ ಎಲ್ಲಾದರೂ ಸರಿ, ಬೆಳಿಗ್ಗೆ ಏಳರಿಂದ ಒಂಬತ್ತು. ಆಮೇಲೆ ನೆರಳು ಮಾಯವಾಗಿ ಬಂಡೆ ಚಪ್ಪಟೆ ಕಾಣುತ್ತದೆ, ನೀರೂ ನಿಲ್ಲುವುದಿಲ್ಲ.

ಮಂಜಿನ ಬೆಟ್ಟದಲ್ಲಿ ಅಲ್ಲೇ ಕೂತು ಪೂರ್ತಿ ಚಿತ್ರ ಮುಗಿಸುವುದು ಬಹಳ ಕಷ್ಟ. ಮಳೆ, ಗಾಳಿ, ಕಾಲಿಗೆ ಇಂಬಳ. ಎದುರಿನ ಬೆಟ್ಟವೇ ಐದು ನಿಮಿಷಕ್ಕೊಮ್ಮೆ ಕಾಣೆಯಾಗುತ್ತದೆ. ಹಾಗಂತ ಬರೀ ಫೋಟೋ ನಂಬಿದರೂ ಮೋಸ. ಮೊಬೈಲ್ ಕ್ಯಾಮೆರಾ ತಾನಾಗಿಯೇ ಮಂಜನ್ನು ತಿದ್ದುತ್ತದೆ. ಹಸಿರನ್ನು ಹೆಚ್ಚಿಸುತ್ತದೆ, ಕಪ್ಪನ್ನು ಗಾಢ ಮಾಡುತ್ತದೆ. ದೂರದ ಸಾಲುಗಳ ನಡುವಿನ ಸಣ್ಣ ಸಣ್ಣ ಅಂತರ ಅದರಲ್ಲಿ ಸಿಗುವುದೇ ಇಲ್ಲ.

ಎರಡರ ನಡುವಿನ ದಾರಿ ಹಿಡಿದವರು ಇಂಗ್ಲೆಂಡಿನ ಚಿತ್ರಕಾರ ಟರ್ನರ್. ಸ್ವಿಟ್ಜರ್ಲೆಂಡಿನ ಲುಸರ್ನ್ ಸರೋವರದ ಆಚೆ ಕಾಣುವ ರಿಗಿ ಬೆಟ್ಟವನ್ನು ಅವರು ಅಲ್ಲಿ ಚಿಕ್ಕದಾಗಿ, ಬೇಗಬೇಗ ಗುರುತು ಹಾಕಿಕೊಂಡರು. ಆಮೇಲೆ 1842ರಲ್ಲಿ ದೊಡ್ಡ ಹಾಳೆಯ ಮೇಲೆ ಒಂದೇ ಬೆಟ್ಟವನ್ನು ಮೂರು ಹೊತ್ತಿನಲ್ಲಿ ಮುಗಿಸಿದರು. ಬ್ಲೂ ರಿಗಿ, ರೆಡ್ ರಿಗಿ, ಡಾರ್ಕ್ ರಿಗಿ ಅಂತ ಅವು ಹೆಸರಾಗಿವೆ. ಬೆಟ್ಟದ ಆಕಾರ ಮೂರರಲ್ಲೂ ಒಂದೇ, ಬದಲಾಗಿದ್ದು ಗಾಳಿ ಮತ್ತು ಬೆಳಕು.

ನಾನೂ ಈಗ ಹಾಗೇ ಮಾಡುತ್ತೇನೆ. ಅಂಗೈ ಅಗಲದ ಹಾಳೆ ಮೇಲೆ ಪೆನ್ಸಿಲ್‌ನಲ್ಲಿ ನೆತ್ತಿಯ ಗೆರೆಗಳನ್ನು ಮಾತ್ರ ಎಳೆಯುತ್ತೇನೆ. ಪ್ರತಿ ಸಾಲಿನ ಮೇಲೂ 1ರಿಂದ 5ರವರೆಗೆ ಒಂದು ಅಂಕಿ ಬರೆಯುತ್ತೇನೆ: 1 ಅಂದರೆ ಕಾಗದದಷ್ಟು ತಿಳಿ, 5 ಅಂದರೆ ಎಲ್ಲಕ್ಕಿಂತ ಗಾಢ. ಅಂಚು ಚೂಪೋ ಮೆತ್ತಗೋ ಅಂತ ಪಕ್ಕದಲ್ಲಿ ಒಂದು ಅಕ್ಷರ, ಚೂ ಅಥವಾ ಮೆ. ಎರಡು ನಿಮಿಷದ ಕೆಲಸ, ಕೊಡೆ ಹಿಡಿದುಕೊಂಡೂ ಆಗುತ್ತದೆ. ಆಕಾರಕ್ಕೆ ಒಂದು ಫೋಟೋ. ಮನೆಗೆ ಬಂದು ಹಾಳೆ ಆರಿಸುವ ಮುಂಚೆ ಆ ಅಕ್ಷರಗಳನ್ನು ಎಣಿಸುತ್ತೇನೆ. ಮೆ ಜಾಸ್ತಿ ಇದ್ದರೆ ಕೋಲ್ಡ್ ಪ್ರೆಸ್ ತೆಗೆದು ನೀರು ಬಳಿಯುತ್ತೇನೆ, ಚೂ ಜಾಸ್ತಿ ಇದ್ದರೆ ರಫ್ ಹಾಳೆಯನ್ನು ಒಣಗಿದ್ದಂತೆಯೇ ರಟ್ಟಿಗೆ ಅಂಟಿಸುತ್ತೇನೆ.